ಅವರ ಹೆಸರಿನ ಹಡಗು

ಅಜ್ಜಂಪುರ
12 ಜೂನ್ 1978

ಕಡೂರಿನ ಕಥೆಗಾರರು, ಮೇಷ್ಟ್ರು ಮಹಮ್ಮದ್ ಹನೀಫ್ ಅವರಿಗೆ,

ಇಲ್ಲಿ ಮಂಡಿಯ ಹೆಂಗಸರೆಲ್ಲ ಆರೋಗ್ಯವಾಗಿದ್ದೇವೆ. ನಿಮ್ಮ ಮೇಲೆ ಕೋಪ ಬಂದಿರುವುದೊಂದು ಬಿಟ್ಟರೆ ಬೇರೆ ತೊಂದರೆಯಿಲ್ಲ.

ನನ್ನ ಹೆಸರು ಹಾಲಮ್ಮ. ಅಜ್ಜಂಪುರದ ಒಂದು ಮಂಡಿಯಲ್ಲಿ ಕೆಲಸ. ಕಾಲಕ್ಕೆ ತಕ್ಕಂತೆ ಕಡ್ಲೆಕಾಯಿ ಸುಲಿಯುತ್ತೇವೆ, ಈರುಳ್ಳಿ ಹಸನು ಮಾಡುತ್ತೇವೆ. ಓದು ಬರುವುದು ನನಗೊಬ್ಬಳಿಗೇ. ಹಾಗಾಗಿ ‘ತೆರೆನೊರೆ’ ಮಾಸಪತ್ರಿಕೆ ಬಂದ ದಿನ ಮಧ್ಯಾಹ್ನ ಬುತ್ತಿ ಉಂಡ ಮೇಲೆ ನಿಮ್ಮ ‘ಮಕರದ್ವೀಪದ ಪಡೆ’ ಧಾರಾವಾಹಿಯನ್ನು ನಾನು ಗಟ್ಟಿಯಾಗಿ ಓದುತ್ತೇನೆ, ಉಳಿದವರು ಕೈ ನಿಲ್ಲಿಸದೆ ಕೇಳುತ್ತಾರೆ. ಕಡಲನ್ನೇ ಕಾಣದ ನಮಗೆ ಈಗ ಯಾವ ಯುದ್ಧನೌಕೆಯ ಫಿರಂಗಿ ಎತ್ತ ತಿರುಗುತ್ತದೆ ಅನ್ನುವುದೂ ಗೊತ್ತು.

ಕೋಪದ ಕಾರಣ ಹೇಳುತ್ತೇನೆ. ನನ್ನ ತವರು ತರೀಕೆರೆ. ನೀವು ಒಂದು ಹಡಗಿಗೆ ನಮ್ಮ ತರೀಕೆರೆಯ ಹನುಮಪ್ಪ ನಾಯಕರ ಹೆಸರಿಟ್ಟಿದ್ದೀರಿ ಅಂತ ಯುಗಾದಿಯಿಂದ ನಾನು ಊರೆಲ್ಲ ಹೇಳಿಕೊಂಡು ತಿರುಗಿದ್ದೆ. ಈ ತಿಂಗಳು ಅದನ್ನೇ ಮುಳುಗಿಸಿಬಿಟ್ಟಿರಿ. ಓದಿ ಮುಗಿಸಿದರೆ ಮಹಬೂಬ್ ಬಿ ಏನಂದಳು ಗೊತ್ತೇ? “ನಿಮ್ಮೂರ ನಾಯಕ ಬೋ ಬೇಗ ಹೋಗ್ಬಿಟ್ನಲ್ಲೇ ಹಾಲಮ್ಮ. ನಮ್ಮ ಹೈದರಾಲಿ ನೋಡು, ಇನ್ನೂ ಹೊಗೆ ಬಿಟ್ಕೊಂಡು ಓಡಾಡ್ತವ್ನೆ.” ಸಂಜೆಯವರೆಗೂ ಎಲ್ಲರೂ ನಕ್ಕರು.

ನಮ್ಮ ಕಡೆ ಹಿರಿಯರ ಹೆಸರಿಟ್ಟ ಮಗುವನ್ನು ಆ ಹೆಸರು ಹಿಡಿದು ಬಯ್ಯುವುದಿಲ್ಲ. ಬಯ್ಯಲಿಕ್ಕೆಂದೇ ಇನ್ನೊಂದು ಹೆಸರಿಟ್ಟುಕೊಂಡಿರುತ್ತೇವೆ. ನೀವು ಅಂಥವರ ಹೆಸರಿಟ್ಟು ನೀರಿಗೆ ಹಾಕುತ್ತೀರಿ. ಇದು ಯಾವ ನ್ಯಾಯ? ಉತ್ತರ ಬರೆಯಿರಿ. ಬರೆಯದಿದ್ದರೆ ನಾನೇ ಮತ್ತೆ ಬರೆಯುತ್ತೇನೆ.

ಹಾಲಮ್ಮ

•

ಕಡೂರು
21 ಜೂನ್ 1978

ಹಾಲಮ್ಮನವರಿಗೆ ಹನೀಫನ ಸಲಾಮು, ಶರಣು ಎರಡೂ.

ನಿಮ್ಮ ಕಾಗದಕ್ಕೆ ಮೊದಲೇ ನನಗೆ ಶಾಸ್ತಿಯಾಗಿದೆ. ಹೋದ ಭಾನುವಾರ ತರೀಕೆರೆಯ ಬಸ್ ಸ್ಟ್ಯಾಂಡಿನಲ್ಲಿ ಯಜಮಾನರೊಬ್ಬರು ನನ್ನನ್ನು ತಡೆದು, “ಏನಪ್ಪಾ, ಕೂತ್ಕೊಳಕ್ಕೆ ನಮ್ಮೂರ ಬಸ್ಸು ಬೇಕು, ಮುಳುಗ್ಸಕ್ಕೆ ನಮ್ಮೂರ ನಾಯಕ ಬೇಕಾ” ಅಂದರು. ನಾನು ಕಡೂರಿನವರೆಗೂ ನಿಂತೇ ಬಂದೆ.

ನಾನು ಇಲ್ಲಿನ ಹೈಸ್ಕೂಲಿನಲ್ಲಿ ಭೂಗೋಳ, ಚರಿತ್ರೆ ಪಾಠ ಮಾಡುವವನು. ಕಡಲು ಕಂಡದ್ದು ಒಮ್ಮೆ, ಮಂಗಳೂರಿನಲ್ಲಿ, ಅದೂ ಜ್ವರ ಬಂದಿದ್ದಾಗ. ಉಳಿದದ್ದೆಲ್ಲ ಭೂಪಟದಿಂದ ಬಂದದ್ದು. ಆದರೆ ಹೆಸರಿಡುವ ವಿಷಯದಲ್ಲಿ ನಾನು ಹುಡುಗಾಟ ಆಡುವುದಿಲ್ಲ. ಬದುಕಿರುವವರ ಹೆಸರನ್ನು ಹಡಗಿಗೆ ಇಡುವುದಿಲ್ಲ. ಆಯುಧ ಹಿಡಿದು ಕಾದಿದವರಾಗಿರಬೇಕು. ಚರಿತ್ರೆಯ ಪುಸ್ತಕದಲ್ಲಿ ಅವರ ಬಗ್ಗೆ ಒಂದು ಸಾಲಾದರೂ ಇರಬೇಕು. ಅಬ್ಬಕ್ಕ, ಓಬವ್ವ, ರಾಯಣ್ಣ, ಹೈದರಾಲಿ, ನಿಮ್ಮ ಹನುಮಪ್ಪ ನಾಯಕರು, ಎಲ್ಲರೂ ಹೀಗೆ ಬಂದವರು.

ಮುಳುಗಿಸುವುದೇಕೆ ಎಂದಿರಿ. ಹೆಸರಿಲ್ಲದ ಹಡಗು ಮುಳುಗಿದರೆ ಕಬ್ಬಿಣ ಮುಳುಗಿತು, ಅಷ್ಟೇ. ಹೆಸರಿರುವುದು ಮುಳುಗಿದರೆ ಯಾರೋ ಹೋದರು ಅನಿಸುತ್ತದೆ. ನಿಮಗೆ ಕೋಪ ಬಂತಲ್ಲ, ಅದಕ್ಕೇ.

ದೀಪಾವಳಿ ಸಂಚಿಕೆಯಲ್ಲಿ ಪಡೆಗೆ ಹೊಸ ಹಡಗೊಂದು ಇಳಿಯಲಿದೆ. ಅದೇ ಇನ್ನು ಮುಂದೆ ಮುಂಚೂಣಿಯ ಹಡಗು. ಹೆಸರು ಇನ್ನೂ ಗೊತ್ತುಮಾಡಿಲ್ಲ. ಮಂಡಿಯವರನ್ನು ಕೇಳಿ ನೋಡಿ.

ಬಯ್ಯಿಸಿಕೊಂಡೂ ಸಂತೋಷವಾಗಿರುವ
ಹನೀಫ್

•

ಅಜ್ಜಂಪುರ
3 ಜುಲೈ 1978

ಹನೀಫ್ ಮೇಷ್ಟ್ರಿಗೆ,

ಕೇಳಿದೆ. ಒಬ್ಬಳು ಕಿತ್ತೂರು ಚೆನ್ನಮ್ಮ ಅಂದಳು. ಮಹಬೂಬ್ ಬಿ ಇನ್ನೊಂದು ಹಡಗಿಗೂ ಹೈದರಾಲಿ ಅಂತಲೇ ಇಡಲಿ, ಒಂದು ಹೋದರೆ ಒಂದಿರುತ್ತೆ ಅಂದಳು.

ನನ್ನ ಹತ್ತಿರ ಒಂದು ಹೆಸರಿದೆ.

ನಮ್ಮ ಮನೆಯವರು ಮೈಸೂರು ಪಡೆಯಲ್ಲಿ ಸಿಪಾಯಿ. ನನ್ನ ಮದುವೆಯಾಗಿ ಎರಡನೇ ವರ್ಷಕ್ಕೆ ಅವರನ್ನು ಸಿಂಗಪುರಕ್ಕೆ ಕಳಿಸಿದರು. ಅಲ್ಲಿ ಜಪಾನಿನವರ ಕೈಗೆ ಸೆರೆಸಿಕ್ಕಿದರು. ಯುದ್ಧ ಮುಗಿದ ಮೇಲೆ ಬೀರೂರಿನ ಸಿಪಾಯಿಯೊಬ್ಬರು ಜೀವ ಹಿಡಿದುಕೊಂಡು ಬಂದರು. ಇವರನ್ನು ಬೇರೆಲ್ಲಿಗೋ ಸಾಗಿಸಲು ಹಡಗು ಹತ್ತಿಸಿದ್ದನ್ನು ಅವರು ಕಣ್ಣಾರೆ ಕಂಡಿದ್ದರಂತೆ. ಆ ಹಡಗು ಯಾವ ದಡಕ್ಕೂ ಬರಲಿಲ್ಲವಂತೆ. ಹಡಗಿನ ಹೆಸರೇನು ಅಂತ ಕೇಳಿದೆ. “ಅದಕ್ಕೆಲ್ಲಿ ಹೆಸರು ತಾಯಿ, ಬರೀ ಕಬ್ಬಿಣ” ಅಂದರು. ನಿಮ್ಮ ಕಾಗದದಲ್ಲೂ ಅದೇ ಮಾತು ಇತ್ತು.

ಸರ್ಕಾರದವರು ‘ಪತ್ತೆಯಿಲ್ಲ’ ಅಂತ ಬರೆದು ಕೈ ತೊಳೆದುಕೊಂಡರು. ಪತ್ತೆಯಿಲ್ಲ ಅಂದ ಮೇಲೆ ಮಣ್ಣು ಮಾಡುವುದು ಯಾರನ್ನು? ಸಮಾಧಿಯಿಲ್ಲ, ವರ್ಷಕ್ಕೊಮ್ಮೆ ಹೂವಿಡಲು ಒಂದು ಕಲ್ಲಿಲ್ಲ. ಮಕ್ಕಳಾಗಿರಲಿಲ್ಲ, ಆದ್ದರಿಂದ ಹೆಸರು ಇಟ್ಟುಕೊಳ್ಳಲು ಮೊಮ್ಮಕ್ಕಳೂ ಇಲ್ಲ. ಮೈದುನ ಚೌಡಪ್ಪನ ಮನೆಯಲ್ಲಿದ್ದೇನೆ. ಅವನಿಗೆ ಗಂಡು ಮಗು ಹುಟ್ಟಿದಾಗ, ಬದುಕಿರುವ ಅಣ್ಣನ ಹೆಸರು ಹೇಗೆ ಇಡುವುದು ಅಂತ ಬೇರೆ ಹೆಸರಿಟ್ಟ.

ಆಯುಧ ಹಿಡಿದಿದ್ದರು. ಚರಿತ್ರೆಯ ಪುಸ್ತಕದಲ್ಲಿ ಇಲ್ಲ. ಅದೊಂದು ಸಾಲನ್ನು ನೀವೇ ಬರೆದರೆ ಆಯಿತಲ್ಲ. ದೀಪಾವಳಿಯ ಹಡಗಿಗೆ ಅವರ ಹೆಸರಿಡಿ.

ಹಾಲಮ್ಮ

•

ಕಡೂರು
15 ಜುಲೈ 1978

ಹಾಲಮ್ಮನವರಿಗೆ,

ನಿಮ್ಮ ಕಾಗದವನ್ನು ಮೂರು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಆಗುವುದಿಲ್ಲ ಎಂದು ಬರೆಯಲು ಕೈ ಬರಲಿಲ್ಲ. ಆಗುತ್ತದೆ ಎಂದು ಬರೆಯಲೂ ಬರುತ್ತಿಲ್ಲ.

ಮೂರನೆಯ ಕಟ್ಟುಪಾಡನ್ನು ನಾನೇ ಮಾಡಿದ್ದು, ನಾನೇ ಮುರಿಯಬಹುದು. ಸಂಪಾದಕರು ದೊಡ್ಡ ಹೆಸರು ಬೇಕು ಎನ್ನುತ್ತಿದ್ದಾರೆ, ಅವರೊಡನೆ ಜಗಳವಾಡಬಹುದು. ನನ್ನನ್ನು ಕಟ್ಟಿಹಾಕಿರುವುದು ಮೊದಲನೆಯದು. ಬದುಕಿರುವವರ ಹೆಸರಿಡುವುದಿಲ್ಲ. ನಿಮ್ಮ ಮನೆಯಲ್ಲಿ ಅವರು ತೀರಿಕೊಂಡರೆಂದು ಈವರೆಗೂ ಯಾರೂ ಹೇಳಿಲ್ಲ. ಮುಂಚೂಣಿಯ ಹಡಗು ಸಂಕ್ರಾಂತಿಯ ಸಂಚಿಕೆಯಲ್ಲಿ ಮುಳುಗಬೇಕು, ಕಥೆ ಇರುವುದೇ ಹಾಗೆ. ನೀವು ಹೇಳದ ಮಾತನ್ನು ನಾನು ಅಚ್ಚು ಹಾಕಿಸಲೇ? ನಾಳೆ ನೀವೇ ಅದನ್ನು ಮಂಡಿಯಲ್ಲಿ ಓದುವವರು.

ಇನ್ನೊಂದು ಮಾತು. ಇಷ್ಟುದ್ದ ಬರೆದಿದ್ದೀರಿ, ಹೆಸರನ್ನು ಮಾತ್ರ ಬರೆದೇ ಇಲ್ಲ.

ಹನೀಫ್

•

ಅಜ್ಜಂಪುರ
28 ಆಗಸ್ಟ್ 1978

ಮೇಷ್ಟ್ರೇ,

ಇಷ್ಟು ದಿನ ಬರೆಯಲಿಲ್ಲ, ಯಾಕೆಂದರೆ ನಿಮ್ಮ ಮೇಲೆ ಸಿಟ್ಟಿತ್ತು. ಆಮೇಲೆ ನೋಡಿದರೆ ಸಿಟ್ಟು ನಿಮ್ಮ ಮೇಲಲ್ಲ.

ಅವರು ತೀರಿಕೊಂಡಿದ್ದಾರೆ. ಸರ್ಕಾರ ಹೇಳಲಿಲ್ಲ, ಊರು ಹೇಳಲಿಲ್ಲ, ಮಠದ ಅಯ್ಯನವರು ಶಿವನಿಚ್ಛೆ ಅಂದು ಎದ್ದು ಹೋದರು. ಈಗ ನಾನು ಹೇಳುತ್ತಿದ್ದೇನೆ. ಬೀರೂರಿನವರು ಬಂದು ಹೋದ ದಿನವೇ ನನಗೆ ಗೊತ್ತಾಗಿತ್ತು. ಕಾಯುತ್ತಿದ್ದೇನೆ ಅಂತ ಎಲ್ಲರೂ ಅಂದುಕೊಂಡರು, ನಾನೂ ಹಾಗೇ ನಡೆದುಕೊಂಡೆ. ಕುಂಕುಮ ತೆಗೆಯುವುದಿಲ್ಲ. ಅದು ಹುಟ್ಟಿದಾಗಿನಿಂದ ನನ್ನ ಹಣೆಯಲ್ಲಿತ್ತು, ಅವರು ತಂದುಕೊಟ್ಟದ್ದಲ್ಲ.

ಇದನ್ನೇ ಮನೆಯಲ್ಲಿ ಚೌಡಪ್ಪನಿಗೆ ಹೇಳಿದೆ. ಅವನು ತಟ್ಟೆ ಬಿಟ್ಟು ಎದ್ದ. “ಅಣ್ಣಯ್ಯ ಸತ್ತ ಅಂತ ನಿನ್ ಬಾಯಲ್ಲಿ ಹೆಂಗ್ ಬತ್ತದೆ ಅತ್ಗೆ” ಅಂದ. ಹಡಗಿನ ವಿಷಯ ಹೇಳಿದರೆ, “ಆ ಮೇಷ್ಟ್ರು ಯಾರು ನಮ್ಮಣ್ಣನ್ನ ಮುಳುಗ್ಸಕ್ಕೆ, ನಾನು ಬರೀತೀನಿ ಅವ್ರಿಗೆ” ಅಂತ ಕೂಗಾಡಿದ. ಅಂದಿನಿಂದ ನನ್ನ ಹತ್ತಿರ ಮಾತಿಲ್ಲ. ಒಳ್ಳೆಯವನು ಮೇಷ್ಟ್ರೇ, ಒಂದು ದಿನವೂ ನನಗೆ ಕಡಿಮೆ ಮಾಡಿಲ್ಲ. ಆದರೂ ನಾನು ಹಿಂದೆ ಸರಿಯುವುದಿಲ್ಲ.

ಹೆಸರಿನ ವಿಷಯ. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ, ನಿಮ್ಮ ಮನೆಯಲ್ಲೂ ಹಾಗೇ ಇರಬೇಕು. ಮದುವೆಯಾಗಿ ಬಂದ ದಿನ ಹೊಸಿಲಲ್ಲಿ ನಾದಿನಿಯರು ಅಡ್ಡ ನಿಂತು, ಹೆಸರು ಹೇಳಿದರೇ ಒಳಗೆ ಬಿಡುತ್ತೇವೆ ಅಂದರು. ಪಿಸುಗುಟ್ಟಿದೆ. ಅದೇ ಮೊದಲು, ಅದೇ ಕೊನೆ. ಗುಡಿಯಲ್ಲಿ ಪೂಜಾರಿ ಅಂಗೈಗೆ ಹಾಕುವುದನ್ನೂ ನಾನು ನೀರು ಅಂತಲೇ ಅನ್ನುತ್ತೇನೆ, ಅದಕ್ಕೂ ಇದೇ ಕಾರಣ. ನಿನ್ನೆ ಬರೆಯಲು ಕೂತೆ. ಮೊದಲ ಅಕ್ಷರಕ್ಕೇ ಕೈ ನಿಂತಿತು. ನೀವು ಯಾರನ್ನಾದರೂ ಕೇಳಿ ತಿಳಿದುಕೊಳ್ಳಿ.

ಮುಳುಗಿಸುತ್ತೇನೆ ಅಂದಿರಲ್ಲ, ಮುಳುಗಿಸಿ. ಆದರೆ ಯಾವ ಕಡಲು, ಯಾವ ಜಾಗ, ಎಷ್ಟು ಹೊತ್ತಿನಲ್ಲಿ, ಯಾರು ಕಂಡರು, ಎಲ್ಲವನ್ನೂ ಬರೆಯಿರಿ. ಪತ್ತೆಯಿಲ್ಲ ಅಂತ ಮಾತ್ರ ಬರೆಯಬೇಡಿ.

ಹಾಲಮ್ಮ

•

ಅಜ್ಜಂಪುರ
4 ಸೆಪ್ಟೆಂಬರ್ 1978

ಮಹಮ್ಮದ್ ಹನೀಫ್ ಮೇಷ್ಟ್ರಿಗೆ,

ನಾನು ಚೌಡಪ್ಪ, ಹಾಲಮ್ಮನವರ ಮೈದುನ. ನಿಮಗೂ ನನಗೂ ಪರಿಚಯವಿಲ್ಲ, ಜಗಳವೂ ಬೇಡ. ಆದರೆ ಈ ಕೆಲಸ ಮಾಡಕೂಡದು.

ನಮ್ಮಣ್ಣ ತೀರ್ಥಪ್ಪ ಸತ್ತಿಲ್ಲ. ಸತ್ತಿದ್ದಾನೆ ಅಂತ ಬರೆದುಕೊಟ್ಟವರು ಯಾರೂ ಇಲ್ಲ. ನಮ್ಮ ಜಮೀನಿನ ಖಾತೆಯಲ್ಲಿ ಇವತ್ತಿಗೂ ತೀರ್ಥಪ್ಪನ ಹೆಸರೇ ಮೊದಲು, ನನ್ನದು ಆಮೇಲೆ. ತೆಗೆಸಿ ಅಂತ ಎಷ್ಟೋ ಜನ ಹೇಳಿದರು. ತೆಗೆಸಿಲ್ಲ, ತೆಗೆಸುವುದೂ ಇಲ್ಲ. ಪೇಪರಿನಲ್ಲಿ ತೀರ್ಥಪ್ಪ ಮುಳುಗಿದ ಅಂತ ಅಚ್ಚಾದರೆ ನಾಳೆ ಊರಿನವರು ಸಾವಿನ ಮನೆಗೆ ಬಂದಂತೆ ಬಂದು ಮಾತಾಡಿಸಿಕೊಂಡು ಹೋಗಲು ಶುರುಮಾಡುತ್ತಾರೆ.

ಅಣ್ಣ ಹೊರಟ ದಿನ ಸ್ಟೇಷನ್ನಿಗೆ ಹೋಗಿದ್ದವನು ನಾನೊಬ್ಬನೇ. ಆಗ ನನಗೆ ಆರೋ ಏಳೋ ವರ್ಷ. ಹೆಗಲ ಮೇಲೆ ಕೂರಿಸಿಕೊಂಡು ಪ್ಲಾಟ್‌ಫಾರಂ ತುಂಬ ಓಡಾಡಿದ. ರೈಲು ಬಂದಾಗ ಕೆಳಗಿಳಿಸಿ, “ಇಲ್ಲೇ ನಿಂತಿರು ಕಣ್ಲಾ, ಬತ್ತೀನಿ” ಅಂದ. ಕತ್ತಲಾದ ಮೇಲೆ ಯಾರೋ ನನ್ನನ್ನು ಎತ್ತಿಕೊಂಡು ಮನೆಗೆ ತಂದು ಬಿಟ್ಟರು. ಇದನ್ನು ನಾನು ಯಾರಿಗೂ ಹೇಳಿಲ್ಲ, ಅತ್ತಿಗೆಗೂ ಹೇಳಿಲ್ಲ. ನಿಮಗೆ ಯಾಕೆ ಬರೆದೆನೋ ತಿಳಿಯದು. ನನ್ನ ಮಾತು ಇಷ್ಟೇ. ಇಲ್ಲೇ ನಿಂತಿರು ಅಂದವನು ಬರುತ್ತಾನೆ. ಬರುವವನ ಹೆಸರನ್ನು ನೀವು ಸತ್ತವರ ಸಾಲಿಗೆ ಸೇರಿಸಬೇಡಿ.

ಇಂತಿ
ಚೌಡಪ್ಪ

•

ಕಡೂರು
14 ಸೆಪ್ಟೆಂಬರ್ 1978

ಹಾಲಮ್ಮನವರಿಗೆ,

ನಿಮ್ಮ ಮೈದುನರ ಕಾಗದ ಬಂತು. ಹೆಸರಿಡಬೇಡಿ ಎಂದು ಬರೆದಿದ್ದಾರೆ. ಬೇಡವೆನ್ನುವ ಭರದಲ್ಲಿ ಆ ಹೆಸರನ್ನೂ ಬರೆದಿದ್ದಾರೆ. ನೀವು ಬರೆಯಲಾರದ್ದು ಈಗ ನನಗೆ ಗೊತ್ತು. ನನ್ನ ಹೆಂಡತಿ ಅಖ್ತರಳಿಗೆ ಓದಿ ಹೇಳಿದೆ. ಅವಳೂ ಇಷ್ಟು ವರ್ಷಗಳಲ್ಲಿ ನನ್ನ ಹೆಸರು ಹಿಡಿದು ಕರೆದವಳಲ್ಲ. “ಇಡಿ, ಆದ್ರೆ ಆ ತಮ್ಮನ್ನ ಕೈಬಿಟ್ಟು ಇಡ್ಬೇಡಿ” ಅಂದಳು.

ಅವರಿಗೂ ಬರೆದಿದ್ದೇನೆ. ಅಣ್ಣನನ್ನು ನಾನು ಸಾಯಿಸುತ್ತಿಲ್ಲ, ಅವರು ಹೋದ ಹಡಗಿಗೆ ಹೆಸರಿರಲಿಲ್ಲ, ಅಷ್ಟನ್ನು ಸರಿಮಾಡುತ್ತಿದ್ದೇನೆ ಎಂದು ಬರೆದೆ. ಉತ್ತರ ಬಂದಿಲ್ಲ. ನಿಮ್ಮಿಬ್ಬರಲ್ಲಿ ಒಬ್ಬರ ಮಾತು ನಾನು ಮೀರಲೇಬೇಕು. ಯೋಚಿಸಿದೆ. ಬಂದೇ ಬರುತ್ತಾರೆ ಎನ್ನುವವರಿಗೆ ನಾನು ಮಾಡಬಹುದಾದದ್ದು ಏನೂ ಇಲ್ಲ. ಹೋದರು ಎನ್ನುವವರಿಗೆ ಒಂದು ಹಡಗು ಕಟ್ಟಿಕೊಡಬಲ್ಲೆ.

ಸಂಪಾದಕರು ಹೆಸರು ನೋಡಿ, ಇವರು ಯಾವ ರಾಜ್ಯದ ಸೇನಾಪತಿ ಎಂದು ಕೇಳಿದ್ದಾರೆ. ಅಜ್ಜಂಪುರದವರು, ಸಿಪಾಯಿ ಎಂದೆ. ಬೇರೆ ಹೆಸರು ಹಾಕುತ್ತೇವೆ ಎಂದರು. ಹಾಕಿದರೆ ಪಡೆ ಅಲ್ಲಿಗೇ ನಿಲ್ಲುತ್ತದೆ, ಮುಂದಿನ ಅಧ್ಯಾಯ ಬರುವುದಿಲ್ಲ ಎಂದು ರಿಜಿಸ್ಟರ್ಡ್ ಕಾಗದ ಹಾಕಿದ್ದೇನೆ. ಅವರ ಉತ್ತರ ಬರುವ ಮೊದಲು ನಿಮ್ಮ ಹೂಂ ನನಗೆ ಬೇಕು.

ಹನೀಫ್

•

ಅಜ್ಜಂಪುರ
18 ಸೆಪ್ಟೆಂಬರ್ 1978

ಹನೀಫಪ್ಪ,

ಹೂಂ.

ಹಾಲಮ್ಮ

•

ಅಜ್ಜಂಪುರ
6 ನವೆಂಬರ್ 1978

ಹನೀಫಪ್ಪನಿಗೆ, ಅಖ್ತರಮ್ಮನಿಗೆ,

ದೀಪಾವಳಿ ಸಂಚಿಕೆ ಬಂತು. ದಪ್ಪ ಅಕ್ಷರದಲ್ಲಿ ಹಾಕಿಸಿದ್ದೀಯ. ಹಡಗಿನ ಮೂತಿಯ ಮೇಲೆ ಬಿಳಿ ಬಣ್ಣದಲ್ಲಿ ಹೆಸರು ಬರೆದರು, ಎಡಕ್ಕೆ ಅಬ್ಬಕ್ಕ, ಬಲಕ್ಕೆ ಓಬವ್ವ ನಿಂತು ಫಿರಂಗಿ ಹಾರಿಸಿ ಬರಮಾಡಿಕೊಂಡರು. ಅಷ್ಟು ದೊಡ್ಡವರ ನಡುವೆ ಅವರನ್ನು ನಿಲ್ಲಿಸಿದ್ದು ನೋಡಿ ನನಗೆ ಸಂಕೋಚವೂ ಆಯಿತು, ಹೆಮ್ಮೆಯೂ ಆಯಿತು. ಅವರು ಇಂಥದ್ದಕ್ಕೆಲ್ಲ ನಾಚುವ ಜನ.

ಆದರೆ ಸೋತೆ ಕಣಪ್ಪ. ಮಂಡಿಯಲ್ಲಿ ಓದುವಾಗ ಆ ಹೆಸರು ಬಂದಲ್ಲೆಲ್ಲ ‘ಹೊಸ ಹಡಗು’ ಅಂತಲೇ ಓದಿದೆ. ಯಾರೂ ಏನೂ ಕೇಳಲಿಲ್ಲ. ಮಹಬೂಬ್ ಬಿ ಮಾತ್ರ, “ಎಲ್ಲಾಕ್ಕೂ ಹೆಸರೈತೆ, ಇದ್ಕೆ ಯಾಕಿಲ್ಲ” ಅಂದಳು. ನಾನು ಪತ್ರಿಕೆ ಮಡಿಸಿ ಈರುಳ್ಳಿ ಹಸನು ಮಾಡಲು ಕೂತೆ. ಈರುಳ್ಳಿ ರಾಶಿಯ ನಡುವೆ ಕೂತವರು ಯಾಕೆ ಅತ್ತರು ಅಂತ ಯಾರೂ ವಿಚಾರಿಸುವುದಿಲ್ಲ, ಅದೊಂದು ಅನುಕೂಲ.

ಸಂಕ್ರಾಂತಿಯ ಸಂಚಿಕೆ ಬರಲಿ. ಓದುತ್ತೇನೆ. ಓದದಿದ್ದರೆ ನನ್ನನ್ನು ಹಾಲಮ್ಮ ಅನ್ನಬೇಡ.

ಚೌಡಪ್ಪ ಇನ್ನೂ ಮಾತಾಡಿಲ್ಲ. ಪತ್ರಿಕೆ ಮಾತ್ರ ಒಂದು ರಾತ್ರಿ ನನ್ನ ಪೆಟ್ಟಿಗೆಯ ಮೇಲಿಂದ ಕಾಣೆಯಾಗಿ, ಬೆಳಗ್ಗೆ ಅಲ್ಲೇ ಇತ್ತು.

ಹಾಲಮ್ಮ

•

ಕಡೂರು
8 ಜನವರಿ 1979

ಹಾಲಮ್ಮನವರಿಗೆ,

ಪತ್ರಿಕೆ ಅಂಗಡಿಗೆ ಬರುವ ಮೊದಲು ನಿಮ್ಮ ಕೈ ಸೇರಲಿ ಎಂದು ಈ ಪ್ರತಿ ಕಳಿಸುತ್ತಿದ್ದೇನೆ. ನೀವು ಹೇಳಿದಂತೆ ಕಡಲು, ಜಾಗ, ಹೊತ್ತು, ಕಂಡವರು, ಎಲ್ಲವನ್ನೂ ಬರೆದಿದ್ದೇನೆ. ಭೂಪಟವನ್ನೂ ಇಟ್ಟಿದ್ದೇನೆ. ಹಡಗು ಮುಳುಗಿದ್ದು ಪೆನ್ಸಿಲಿನ ಗುರುತು ಇರುವಲ್ಲಿ.

ಒಂದು ಮಾತನ್ನು ನಿಮ್ಮ ಮೈದುನರಿಗಾಗಿ ಬರೆದೆ. ಅದು ಯಾವುದು ಎಂದು ಅವರಿಗೆ ತಿಳಿಯುತ್ತದೆ. ಬಯ್ದರೆ ಬಯ್ಯಲಿ.

ಹನೀಫ್

•

ಅಜ್ಜಂಪುರ
17 ಜನವರಿ 1979

ಹನೀಫಪ್ಪ,

ಓದಿದೆ.

ಮೊನ್ನೆ ಹಬ್ಬದ ಮಾರನೆಯ ದಿನ. ಮಂಡಿಯಲ್ಲಿ ಎಳ್ಳುಬೆಲ್ಲ ಹಂಚಿಕೊಂಡು ಎಲ್ಲರೂ ಕೂತಿದ್ದೆವು. ಓದುವ ಮೊದಲು, ಈ ಹಡಗಿನ ಹೆಸರು ನಮ್ಮ ಮನೆಯವರದು, ಹೋದ ಸಲ ನಾನು ಬಿಟ್ಟು ಓದಿದ್ದೆ ಅಂದೆ. ಮಹಬೂಬ್ ಬಿ ಈರುಳ್ಳಿ ಕೆಳಗಿಟ್ಟು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

ಶತ್ರುವಿನ ಗುಂಡು ತಗುಲುವವರೆಗೂ ಸರಾಗವಾಗಿ ಓದಿಕೊಂಡು ಬಂದೆ. ಬೆಳಗಿನ ಜಾವ, ಸಿಂಗಪುರದಾಚೆಯ ಸುಂದಾ ಕಡಲಿನ ಬಾಯಿ, ರಾಯಣ್ಣ ಹಡಗಿನ ಮೇಲಿದ್ದವರೆಲ್ಲ ಕಂಡರು. ಆಮೇಲೆ ನೀನು ಬರೆದಿದ್ದೀಯಲ್ಲ, ಸಂಜೆ ಬಂದರಿನಲ್ಲಿ ಪಡೆಯ ಹಡಗುಗಳ ಹೆಸರನ್ನು ಒಂದೊಂದಾಗಿ ಕೂಗುತ್ತಾರೆ, ಉಳಿದಿರುವ ಹಡಗು ಸೀಟಿ ಹಾಕಿ ಇದ್ದೇನೆ ಅನ್ನುತ್ತದೆ ಅಂತ. ಅಬ್ಬಕ್ಕ ಅಂದರು, ಸೀಟಿ ಬಂತು. ಓಬವ್ವ ಅಂದರು, ಸೀಟಿ ಬಂತು. ಮೂರನೆಯದು ಅವರ ಹೆಸರು. ನನ್ನ ಓದು ನಿಂತಿತು. ಅಲ್ಲಿ ಬಂದರಿನವನು ಕೂಗಲು ಬಾಯಿ ತೆರೆದು ನನಗಾಗಿ ಕಾಯುತ್ತಿದ್ದಾನೆ ಅನಿಸಿತು. ಕೂಗಿದೆ. ಗಟ್ಟಿಯಾಗಿ, ಇಡೀ ಮಂಡಿಗೆ ಕೇಳುವ ಹಾಗೆ. ತೀರ್ಥಪ್ಪ. ನೀನು ಮೂರು ಸಲ ಕೂಗಿಸಿದ್ದೀಯ, ಮೂರು ಸಲವೂ ಕೂಗಿದೆ. ಸೀಟಿ ಬರಲಿಲ್ಲ. ಬರುವುದಿಲ್ಲ ಅಂತ ಗೊತ್ತಿದ್ದೂ ಕೇಳಿಸಿಕೊಂಡೆ.

ಆಮೇಲೆ ದೋಣಿಯಲ್ಲಿ ಬದುಕಿ ಬಂದವರು ದಡದಲ್ಲಿ ಕಾಯುತ್ತಿದ್ದವರಿಗೆ ಹಡಗಿನಿಂದ ಬಂದ ಕೊನೆಯ ಮಾತು ಹೇಳುತ್ತಾರಲ್ಲ, “ನೀವು ನಿಂತಿದ್ದು ಸಾಕು ಕಣ್ರಲಾ, ಇನ್ನು ಮನೆಗೆ ಹೋಗ್ರಿ” ಅಂತ. ಅದನ್ನು ಓದಿದಾಗ ಬಾಗಿಲ ಹತ್ತಿರ ಏನೋ ಸದ್ದಾಯಿತು. ಚೌಡಪ್ಪ. ಯಾವಾಗ ಬಂದು ನಿಂತಿದ್ದನೋ ಯಾರೂ ನೋಡಿರಲಿಲ್ಲ. ಹೆಗಲ ಮೇಲಿನ ವಲ್ಲಿಯನ್ನು ತೆಗೆದು ಕೈಯಲ್ಲಿ ಹಿಡಿದಿದ್ದ. ಮೂಟೆಯ ಮೇಲೆ ಕೂತ. ನಾನು ಪತ್ರಿಕೆ ಮಡಿಸಲು ಹೋದೆ.

“ಇನ್ನೊಂದ್ ಸಲ ಓದು ಅತ್ಗೆ” ಅಂದ.

ಓದಿದೆ. ಅವನು ಸಣ್ಣವನ ಹಾಗೆ ಅತ್ತ. ಸ್ಟೇಷನ್ನಿನಲ್ಲಿ ಅವರು ಅವನಿಗೆ ಏನು ಹೇಳಿ ಹೋದರು ಅನ್ನುವುದನ್ನು ಆ ಸಂಜೆ ನನಗೆ ಹೇಳಿದ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನಾವಿಬ್ಬರೂ ಬೇರೆಬೇರೆಯಾಗಿ ಕಾಯುತ್ತಿದ್ದೆವು.

ನಿನ್ನೆ ಅಂತರಘಟ್ಟೆಗೆ ಹೋಗಿ ಅಮ್ಮನ ಗುಡಿಯಲ್ಲಿ ಕೈಯೊಡ್ಡಿ, ತೀರ್ಥ ಹಾಕಿ ಅಂದೆ. ಪೂಜಾರಿಗೆ ಏನೂ ಅನಿಸಲಿಲ್ಲ, ಹಾಕಿದ. ಮುಂದಿನ ವಾರ ಚೌಡಪ್ಪನೂ ನಾನೂ ತಾಲ್ಲೂಕು ಕಚೇರಿಗೆ ಹೋಗುತ್ತೇವೆ. ಖಾತೆ ಬದಲಾಯಿಸೋಣ ಅಂತ ಅವನೇ ಹೇಳಿದ. ಅಲ್ಲಿ ಹೆಸರು ಕೇಳುತ್ತಾರೆ, ನಾನೇ ಹೇಳುತ್ತೇನೆ. ಭೂಪಟವನ್ನು ಗೋಡೆಗೆ ಹಚ್ಚಿದ್ದೇನೆ. ಪೆನ್ಸಿಲ್ ಗುರುತಿನ ಕೆಳಗೆ ಒಂದು ಮೊಳೆ ಹೊಡೆದಿದ್ದೇವೆ, ಹೂವು ನಿಲ್ಲಲಿಕ್ಕೆ.

ಫೆಬ್ರವರಿಯಲ್ಲಿ ಹೈದರಾಲಿಯನ್ನು ಮುಳುಗಿಸಬೇಡ. ಮಹಬೂಬ್ ಬಿಯನ್ನು ಸಮಾಧಾನ ಮಾಡಲು ನನ್ನಿಂದ ಆಗುವುದಿಲ್ಲ.

ನಿನಗೆ, ಅಖ್ತರಮ್ಮನಿಗೆ ಒಳ್ಳೆಯದಾಗಲಿ.

ಹಾಲಮ್ಮ
ಕೋಂ ಲೇಟ್ ತೀರ್ಥಪ್ಪ